ಪ್ಲಗ್-ಇನ್ ಹೈಬ್ರಿಡ್ ಕಾರಿಗೆ ಚಾರ್ಜಿಂಗ್ ಕೇಬಲ್: ದುಡ್ಡು ಕೊಡುವ ಮುನ್ನ ನೋಡಬೇಕಾದ್ದು

ಇಂಗ್ಲೆಂಡಿನಲ್ಲಿ ನಾವು ಸೆಕೆಂಡ್ ಹ್ಯಾಂಡ್ ಮಿತ್ಸುಬಿಶಿ ಔಟ್‌ಲ್ಯಾಂಡರ್ ಪ್ಲಗ್-ಇನ್ ಹೈಬ್ರಿಡ್ (ಪೆಟ್ರೋಲಿನಿಂದಲೂ, ಹೊರಗಿನಿಂದ ಚಾರ್ಜ್ ಮಾಡಿದ ಬ್ಯಾಟರಿಯಿಂದಲೂ ಓಡುವ ಕಾರು) ಕೊಂಡಾಗ ಅದರ ಡಿಕ್ಕಿಯಲ್ಲಿ ಇದ್ದದ್ದು ಒಂದೇ ಕೇಬಲ್. ಒಂದು ತುದಿಯಲ್ಲಿ ಮನೆಯ ಮಾಮೂಲಿ ಮೂರು ಪಿನ್ನಿನ ಪ್ಲಗ್, ನಡುವೆ ಇಟ್ಟಿಗೆಯಂಥ ಒಂದು ಪೆಟ್ಟಿಗೆ, ಇನ್ನೊಂದು ತುದಿಯಲ್ಲಿ ಕಾರಿಗೆ ಚುಚ್ಚುವ ಹಿಡಿಕೆ. ಮೊದಲ ವಾರವೇ ಸೂಪರ್‌ಮಾರ್ಕೆಟ್ಟಿನ ಚಾರ್ಜರ್ ಮುಂದೆ ಕಾರು ನಿಲ್ಲಿಸಿದೆವು. ಅಲ್ಲಿ ಕೇಬಲ್ಲೇ ಇರಲಿಲ್ಲ, ಕಂಬದಲ್ಲಿ ಗುಂಡಗಿನ ಒಂದು ಸಾಕೆಟ್ ಮಾತ್ರ. ನಮ್ಮ ಕೈಯಲ್ಲಿದ್ದ ಕೇಬಲ್ ಅದಕ್ಕೆ ಹೊಂದುವಂಥದ್ದಲ್ಲ. ಆ ಸಂಜೆ ಕೇಬಲ್ ಹುಡುಕಲು ಕುಳಿತರೆ ಟೈಪ್ 1, ಟೈಪ್ 2, 16 ಆಂಪ್, 32 ಆಂಪ್, ಸಿಂಗಲ್ ಫೇಸ್, ತ್ರೀ ಫೇಸ್, 5 ಮೀಟರ್, 10 ಮೀಟರ್ ಎಂದು ನೂರಾರು ಬಗೆ ಕಣ್ಣೆದುರು ಬಂದವು.

ಭಾನುವಾರ ಮಕ್ಕಳನ್ನು ಕನ್ನಡ ತರಗತಿಗೆ ಬಿಟ್ಟು ಹೊರಗೆ ನಿಂತಾಗ ಇದೇ ಪ್ರಶ್ನೆಯನ್ನು ನನಗೆ ಈಗ ಬೇರೆಯವರು ಕೇಳುತ್ತಾರೆ. ಇಂಗ್ಲೆಂಡ್, ಐರ್ಲೆಂಡ್, ಜರ್ಮನಿಯಲ್ಲಿರುವ ನಮ್ಮವರಲ್ಲಿ ಹಳೆಯ ಪ್ಲಗ್-ಇನ್ ಹೈಬ್ರಿಡ್ ಕೊಳ್ಳುವವರು ಬಹಳ ಮಂದಿ. ಅಂಥವರಿಗಾಗಿ ಈ ಬರಹ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಎಲೆಕ್ಟ್ರಿಕ್ ಕಾರಿನವರು ವಾರಕ್ಕೆ ಒಂದೆರಡು ಸಲ ಚಾರ್ಜ್ ಮಾಡಿದರೆ ಸಾಕಾಗುತ್ತದೆ. ನಮ್ಮ ಕಾರುಗಳ ಬ್ಯಾಟರಿ ಚಿಕ್ಕದು, ದಿನಾ ಖಾಲಿಯಾಗುತ್ತದೆ, ದಿನಾ ತುಂಬಬೇಕು. ಹಚ್ಚುವುದು ಒಮ್ಮೆ, ಬಿಚ್ಚುವುದು ಒಮ್ಮೆ ಎಂದರೂ ವರ್ಷಕ್ಕೆ ಏಳುನೂರು ಸಲ ಈ ಕೇಬಲ್ ಕೈಗೆ ಬರುತ್ತದೆ. ಮಳೆಯಲ್ಲಿ, ಹಿಮದಲ್ಲಿ, ಆಫೀಸಿಗೆ ಹೊತ್ತಾದಾಗ, ಕಂಕುಳಲ್ಲಿ ಮಗು ಇದ್ದಾಗ. ಭಾರವಾದ, ಮಡಚಲು ಬಾರದ, ಅಳತೆ ತಪ್ಪಿದ ಕೇಬಲ್ ಕೊಂಡವರು ಮೂರು ತಿಂಗಳಲ್ಲಿ ಚಾರ್ಜ್ ಮಾಡುವುದನ್ನೇ ಬಿಟ್ಟು ಪೆಟ್ರೋಲಿನಲ್ಲೇ ಓಡಿಸುತ್ತಾರೆ. ಖಾಲಿ ಬ್ಯಾಟರಿಯ ಭಾರವನ್ನೂ ಹೊತ್ತುಕೊಂಡು ಓಡುವ ಆ ಕಾರು ಪೆಟ್ರೋಲನ್ನು ಇನ್ನಷ್ಟು ಕುಡಿಯುತ್ತದೆ. ಹಾಗಾಗಿ ಕೇಬಲ್ ಆರಿಸುವಾಗ ಆಂಪಿನ ಅಂಕಿಗಿಂತ ಅದರ ಉದ್ದ, ತೂಕ ಮತ್ತು ಕೈಗೆ ಸಿಗುವ ಹದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಮೊದಲು ಕಾರಿನ ಮುಚ್ಚಳ ತೆರೆಯಿರಿ

ಮಾರುವವರ ಮಾತನ್ನೋ ಜಾಹೀರಾತನ್ನೋ ನಂಬದೆ ಕಾರಿನ ಚಾರ್ಜಿಂಗ್ ಮುಚ್ಚಳವನ್ನು ನೀವೇ ತೆರೆದು ನೋಡಿ. ಎಸಿ, ಅಂದರೆ ಮನೆಗೆ ಬರುವಂಥ ಕರೆಂಟಿನ ಚಾರ್ಜಿಂಗಿಗೆ ಅಲ್ಲಿ ಎರಡರಲ್ಲಿ ಒಂದು ಇರುತ್ತದೆ. ಪೂರ್ತಿ ಗುಂಡಗಿದ್ದು ಒಳಗೆ ಐದು ಪಿನ್ ಇದ್ದರೆ ಅದು ಟೈಪ್ 1. ಸ್ವಲ್ಪ ದೊಡ್ಡದಾಗಿ, ಮೇಲ್ಭಾಗ ಚಪ್ಪಟೆಯಾಗಿ, ಏಳು ಪಿನ್ ಇದ್ದರೆ ಟೈಪ್ 2.

ಟೈಪ್ 1 ಅಮೆರಿಕ ಮತ್ತು ಜಪಾನಿನ ರೂಢಿ. ಟೈಪ್ 2 ಜರ್ಮನಿಯ ಮೆನ್ನೆಕೆಸ್ ಕಂಪನಿಯ ವಿನ್ಯಾಸ. 2014ರಲ್ಲಿ ಬಂದ ಐರೋಪ್ಯ ಒಕ್ಕೂಟದ ನಿರ್ದೇಶನ ಇದನ್ನೇ ಸಾರ್ವಜನಿಕ ಎಸಿ ಚಾರ್ಜರ್‌ಗಳ ಮಾನಕವನ್ನಾಗಿ ಮಾಡಿತು. ಆದ್ದರಿಂದ ಇಂದು ಇಂಗ್ಲೆಂಡಿನಲ್ಲಾಗಲಿ ಯುರೋಪಿನಲ್ಲಾಗಲಿ ಕಂಬದ ಕಡೆಯ ಸಾಕೆಟ್ ಟೈಪ್ 2 ಎಂದೇ ಎಣಿಸಬಹುದು. ಗೊಂದಲ ಇರುವುದೆಲ್ಲ ಕಾರಿನ ಕಡೆಗೆ.

ಇಲ್ಲಿ 2014ರಿಂದ 2021ರವರೆಗೆ ಮಾರಾಟವಾದ ಔಟ್‌ಲ್ಯಾಂಡರ್, ಅದಕ್ಕೂ ಮುಂಚಿನ ವಾಕ್ಸ್‌ಹಾಲ್ ಆಂಪೆರಾ, ಮೊದಲ ತಲೆಮಾರಿನ ಟೊಯೋಟಾ ಪ್ರಿಯಸ್ ಪ್ಲಗ್-ಇನ್ ಇವೆಲ್ಲ ಟೈಪ್ 1. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಇ, ಬಿಎಂಡಬ್ಲ್ಯು 330ಇ, ವೋಲ್ವೋದ ಟಿ8 ಕಾರುಗಳು, ಕಿಯಾ ನೀರೋ, ಟೊಯೋಟಾ ರಾವ್4 ಟೈಪ್ 2. ಮೊದಲ ಗುಂಪಿನವರು ಕೇಳಬೇಕಾದ್ದು ಟೈಪ್ 2ರಿಂದ ಟೈಪ್ 1ಕ್ಕೆ ಹೋಗುವ ಕೇಬಲ್, ಎರಡನೆಯ ಗುಂಪಿನವರು ಎರಡೂ ಕಡೆ ಟೈಪ್ 2 ಇರುವ ಕೇಬಲ್. 2021ರ ಮಾರ್ಚ್ ಬಳಿಕ ಯುರೋಪಿನಲ್ಲಿ ಮಾರುಕಟ್ಟೆಗೆ ಬಂದ ಕಾರುಗಳಲ್ಲಿ ಮುಚ್ಚಳದ ಬಳಿ ಷಟ್ಕೋನದೊಳಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಬಿ ಎಂದಿದ್ದರೆ ಟೈಪ್ 1, ಸಿ ಎಂದಿದ್ದರೆ ಟೈಪ್ 2. ಕೇಬಲ್ಲಿನ ಮೇಲೂ ಅದೇ ಅಕ್ಷರ ಇದೆಯೇ ನೋಡಿದರೆ ಮುಗಿಯಿತು.

ಜಪಾನಿನಿಂದ ನೇರ ಆಮದಾದ ಕಾರಾದರೆ ಇನ್ನೊಂದು ಎಚ್ಚರ ಬೇಕು. ಅದರೊಂದಿಗೆ ಬರುವ ಕೇಬಲ್ ಜಪಾನಿನ 200 ವೋಲ್ಟ್ ಸಾಕೆಟ್ಟಿಗೆ ಮಾಡಿದ್ದು. ಆ ಪ್ಲಗ್ಗನ್ನು ಕತ್ತರಿಸಿ ಇಲ್ಲಿನ ಮೂರು ಪಿನ್ನಿನ ಪ್ಲಗ್ ಕೂಡಿಸಿಕೊಡುತ್ತೇವೆ ಎನ್ನುವವರು ಇದ್ದಾರೆ. ಒಪ್ಪಬೇಡಿ. ಆ ಕೇಬಲ್ ಎಷ್ಟು ಆಂಪ್ ಎಳೆಯಬೇಕೆಂದು ಕಾರಿಗೆ ಹೇಳುತ್ತದೋ ಅಷ್ಟನ್ನು ಗಂಟೆಗಟ್ಟಲೆ ತಾಳುವ ಶಕ್ತಿ ಇಲ್ಲಿನ ಪ್ಲಗ್ಗಿಗೆ ಇಲ್ಲದಿರಬಹುದು.

ಕಾರು ಗಂಟೆಗೆ ಎಷ್ಟು ಕುಡಿಯುತ್ತದೆ

ಎಸಿ ಕರೆಂಟನ್ನು ಡಿಸಿ ಮಾಡಿ ಬ್ಯಾಟರಿಗೆ ತುಂಬುವ ನಿಜವಾದ ಚಾರ್ಜರ್ ಇರುವುದು ಕಾರಿನ ಒಳಗೆ. ನಾವು ಚಾರ್ಜರ್ ಎಂದು ಕರೆಯುವ ಗೋಡೆಯ ಪೆಟ್ಟಿಗೆಯೂ ರಸ್ತೆಯ ಕಂಬವೂ ಎಸಿ ವಿಷಯದಲ್ಲಿ ಮಾಡುವ ಕೆಲಸ ಸುರಕ್ಷಿತವಾಗಿ ಕರೆಂಟ್ ಕೊಡುವುದಷ್ಟೇ. ಹೆಚ್ಚಿನ ಪ್ಲಗ್-ಇನ್ ಹೈಬ್ರಿಡ್‌ಗಳ ಒಳಗಿನ ಚಾರ್ಜರ್ ಚಿಕ್ಕದು. ಔಟ್‌ಲ್ಯಾಂಡರ್, ಹಳೆಯ 330ಇ ಸುಮಾರು 3.7 ಕಿಲೋವ್ಯಾಟ್, ಹಳೆಯ ಗಾಲ್ಫ್ ಜಿಟಿಇ 3.6, ಹಳೆಯ ನೀರೋ 3.3. ಎಂದರೆ 230 ವೋಲ್ಟಿನಲ್ಲಿ 16 ಆಂಪ್ ಅಥವಾ ಅದಕ್ಕೂ ಕಡಿಮೆ. 22 ಕಿಲೋವ್ಯಾಟ್ ಎಂದು ಬರೆದ ಕಂಬಕ್ಕೆ, ಅತಿ ದುಬಾರಿ ಕೇಬಲ್ಲಿನಿಂದ ಹಚ್ಚಿದರೂ ಈ ಕಾರುಗಳು ಕುಡಿಯುವುದು ಅಷ್ಟನ್ನೇ. ವೇಗದ ಕೇಬಲ್ ಎಂದು ಮಾರುವುದನ್ನು ಕಂಡರೆ ಇದನ್ನು ನೆನಪಿಡಿ. ಕೇಬಲ್ ಚಾರ್ಜಿಂಗನ್ನು ನಿಧಾನ ಮಾಡಬಲ್ಲದೇ ಹೊರತು ಕಾರಿನ ಮಿತಿಯನ್ನು ಮೀರಿಸಲಾರದು.

ಇದಕ್ಕೆ ಹೊರತಾದ ಕಾರುಗಳೂ ಇವೆ. ಹಳೆಯ ರಾವ್4 ಪ್ಲಗ್-ಇನ್ 6.6 ಕಿಲೋವ್ಯಾಟ್ ಎಳೆಯುತ್ತದೆ, ಪ್ಲಗ್-ಇನ್ ರೇಂಜ್ ರೋವರ್ 7ರ ಆಸುಪಾಸು. 2024ರಲ್ಲಿ ಬಂದ ಗಾಲ್ಫ್ ಇಹೈಬ್ರಿಡ್ ಮೂರು ಫೇಸಿನಲ್ಲಿ 11 ಕಿಲೋವ್ಯಾಟ್ ತೆಗೆದುಕೊಳ್ಳುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಒಳಗಿನ ಎಸಿ ಚಾರ್ಜರಿನ ಸಾಮರ್ಥ್ಯ ಎಂಬ ಸಾಲನ್ನು ಹುಡುಕಿ ಆ ಒಂದು ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ.

ಮನೆಯ ಸಾಕೆಟ್ ಸಾಕೇ?

ಮೂರು ಪಿನ್ನಿನ ಪ್ಲಗ್ ಇರುವ ಕೇಬಲ್ಲನ್ನು ಇಲ್ಲಿನವರು ಗ್ರ್ಯಾನಿ ಕೇಬಲ್ ಎನ್ನುತ್ತಾರೆ. ಅಜ್ಜಿ ಮನೆಗೆ ಹೋದಾಗ ಅಲ್ಲಿರುವ ಮಾಮೂಲಿ ಸಾಕೆಟ್ಟಿಗೆ ಚುಚ್ಚಿ ಚಾರ್ಜ್ ಮಾಡುವಂಥದ್ದು ಎಂಬ ಅರ್ಥದಲ್ಲಿ. ಅಜ್ಜಿಮನೆಯನ್ನು ಬಲ್ಲ ನಮಗೆ ಆ ಹೆಸರು ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ. ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಇದು ಆಪತ್ಕಾಲದ ಕೇಬಲ್. ಪ್ಲಗ್-ಇನ್ ಹೈಬ್ರಿಡ್‌ಗೆ ಹಾಗಲ್ಲ, ಎಷ್ಟೋ ಮನೆಗಳಲ್ಲಿ ಇದೊಂದೇ ಸಾಕು.

ಲೆಕ್ಕ ಹಾಕಿ ನೋಡಿ. ಈ ಕೇಬಲ್‌ಗಳು ಸಾಮಾನ್ಯವಾಗಿ 10 ಆಂಪಿಗೆ ಮಿತಿಗೊಂಡಿರುತ್ತವೆ, ಅಂದರೆ 2.3 ಕಿಲೋವ್ಯಾಟ್. ಮೊದಲ ಔಟ್‌ಲ್ಯಾಂಡರಿನ ಬ್ಯಾಟರಿ 12 ಯೂನಿಟ್ಟಿನದು. ಪೂರ್ತಿ ಖಾಲಿಯಿಂದ ತುಂಬಲು ಸುಮಾರು 5 ಗಂಟೆ. 16 ಆಂಪಿನ ಚಾರ್ಜಿಂಗ್ ಪಾಯಿಂಟಿನಲ್ಲಾದರೆ ಮೂರೂವರೆ ಗಂಟೆ. ರಾತ್ರಿ ಮಲಗಿ ಬೆಳಿಗ್ಗೆ ಏಳುವವರಿಗೆ ಈ ಒಂದೂವರೆ ಗಂಟೆಯ ಉಳಿತಾಯದಿಂದ ಏನೂ ಆಗಬೇಕಾದ್ದಿಲ್ಲ. ರಾತ್ರಿ ಏಳು ಗಂಟೆ ಕಾಲ ಅಗ್ಗದ ದರ ಕೊಡುವ ಎಕಾನಮಿ 7 ಮೀಟರ್ ಇದ್ದರೂ ಆ ಅವಧಿಯಲ್ಲೇ ಮುಗಿದುಹೋಗುತ್ತದೆ. ಸಾವಿರ ಪೌಂಡ್ ಖರ್ಚು ಮಾಡಿ ಗೋಡೆಗೆ ಪೆಟ್ಟಿಗೆ ಹಾಕಿಸುವ ಮುಂಚೆ ಎರಡು ತಿಂಗಳು ಹೀಗೇ ನಡೆಸಿ ನೋಡಿ.

ಆದರೆ ಇಲ್ಲಿ ಅಪಾಯ ಇರುವುದು ಸಾಕೆಟ್ಟಿನಲ್ಲಿ. ಇಂಗ್ಲೆಂಡಿನ ಪ್ಲಗ್ 13 ಆಂಪಿನದು ಎಂದು ಬರೆದಿದ್ದರೂ ಕೆಟಲ್ ಮೂರು ನಿಮಿಷ ಓಡುವುದಕ್ಕೂ ಕಾರು ಐದು ಗಂಟೆ ಎಳೆಯುವುದಕ್ಕೂ ಹೋಲಿಕೆಯೇ ಇಲ್ಲ. ಹಳೆಯ ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗಿದ್ದರೆ ಆ ಜಾಗದಲ್ಲಿ ಕಾವು ಏರುತ್ತದೆ, ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುತ್ತದೆ, ಮುಂದೆ ಕರಗುತ್ತದೆ. ನನ್ನ ಪರಿಚಯದ ಒಬ್ಬರು ಗ್ಯಾರೇಜಿನಲ್ಲಿ ರೀಲಿನ ಎಕ್ಸ್‌ಟೆನ್ಷನ್ ವೈರನ್ನು ಸುತ್ತಿದಂತೆಯೇ ಇಟ್ಟು ಅದಕ್ಕೆ ಕಾರು ಹಚ್ಚಿ ಮಲಗಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಒಳಸುತ್ತಿನ ವೈರುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಂದು ಬೆಂಕಿ ಹತ್ತದೇ ಹೋದದ್ದು ಅವರ ಪುಣ್ಯ. ಸುತ್ತಿದ ವೈರಿಗೆ ತಾಳಿಕೆ ಎಷ್ಟು ಕಡಿಮೆ ಎಂಬುದು ಆ ರೀಲಿನ ಮೇಲೇ ಬರೆದಿರುತ್ತದೆ. ಬಿಚ್ಚಿ ಹರಡಿದಾಗ 13 ಆಂಪ್ ಇರುವುದು ಸುತ್ತಿದಾಗ ಅರ್ಧಕ್ಕೂ ಇಳಿಯುವುದುಂಟು. ಯಾರೂ ಓದುವುದಿಲ್ಲ.

ಆದ್ದರಿಂದ ಗ್ರ್ಯಾನಿ ಕೇಬಲ್ಲನ್ನೇ ದಿನಾ ಬಳಸುವುದಾದರೆ ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಬೋರ್ಡಿನಿಂದ ನೇರವಾಗಿ ಒಂದು ಪ್ರತ್ಯೇಕ ಲೈನ್ ಎಳೆಸಿ. ಅದಕ್ಕೆ, ಲೀಕೇಜ್ ಆದರೆ ಕರೆಂಟ್ ಕಡಿಯುವ 30 ಮಿಲಿಆಂಪಿನ ಆರ್‌ಸಿಡಿ ಇರಲಿ. ಸಾಕೆಟ್ ಬ್ರಿಟಿಷ್ ಮಾನಕ ಬಿಎಸ್ 1363ರ ಇವಿ ಗುರುತಿನದೇ ಆಗಲಿ. ಅದರ ಹಿಂಬದಿಯಲ್ಲಿ ಆ ಗುರುತು ಮುದ್ರಿತವಾಗಿರುತ್ತದೆ, ಹೆಚ್ಚು ಹೊತ್ತಿನ ಹೊರೆಗೆ ಪರೀಕ್ಷಿಸಿದ ಸಾಕೆಟ್ ಎಂದು ಅದರ ಅರ್ಥ. ಹೊರಗಿನ ಗೋಡೆಯಲ್ಲಾದರೆ ಮಳೆಗೆ ಮುಚ್ಚಳವಿರುವ ಪೆಟ್ಟಿಗೆ ಬೇಕು, ಅರ್ಥಿಂಗ್ ವ್ಯವಸ್ಥೆಯನ್ನೂ ಅವರೇ ನೋಡಬೇಕು. ಇದನ್ನು ನೀವೇ ಮಾಡಲು ಹೋಗಬೇಡಿ.

ಗ್ರ್ಯಾನಿ ಕೇಬಲ್ ಹೊಸದಾಗಿ ಕೊಳ್ಳುವಾಗ ನಡುವಿನ ಪೆಟ್ಟಿಗೆಯ ಮೇಲೆ ಐಇಸಿ 62752 ಎಂಬ ಮಾನಕದ ಸಂಖ್ಯೆ ಇದೆಯೇ ನೋಡಿ. ಲೀಕೇಜ್ ಆದರೆ ಕರೆಂಟ್ ಕಡಿಯುವ ರಕ್ಷಣೆ ಆ ಪೆಟ್ಟಿಗೆಯೊಳಗೇ ಇರಬೇಕು ಎನ್ನುವ ಮಾನಕ ಅದು. ಮೂರು ಪಿನ್ನಿನ ಪ್ಲಗ್ ಹಾಕಿ 16 ಆಂಪ್, 32 ಆಂಪ್ ಎಂದು ಬಟನ್ ಒತ್ತಿ ಏರಿಸಬಹುದಾದ ಅಗ್ಗದ ಪೆಟ್ಟಿಗೆಗಳು ಆನ್‌ಲೈನಿನಲ್ಲಿ ಸಿಗುತ್ತವೆ. 13 ಆಂಪಿನ ಫ್ಯೂಸ್ 16 ಆಂಪಿಗೆ ತಕ್ಷಣ ಹಾರುವುದಿಲ್ಲ. ಪ್ಲಗ್ ಬಿಸಿಯಾಗುತ್ತಲೇ ಹೋಗುತ್ತದೆ. ಅಂಥದ್ದನ್ನು ಮನೆಯೊಳಗೆ ತರಲೇಬೇಡಿ.

ಚಾರ್ಜಿಂಗ್ ಪಾಯಿಂಟಿನ ಕೇಬಲ್: 16 ಆಂಪೇ, 32 ಆಂಪೇ?

ಈಗ ಕಂಬಕ್ಕೂ ಗೋಡೆಯ ಪೆಟ್ಟಿಗೆಗೂ ಹಚ್ಚುವ ಕೇಬಲ್ಲಿನ ವಿಚಾರ. ಹೆಚ್ಚಿನವರು ತಪ್ಪುವುದು ಇಲ್ಲೇ.

16 ಆಂಪ್ ಕುಡಿಯುವ ಕಾರಿಗೆ 32 ಆಂಪಿನ ಕೇಬಲ್ ಹಾಕಿದರೆ ಏನೂ ಕೆಡುವುದಿಲ್ಲ. ಕಾರು ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. 32 ಆಂಪಿನ ಪಾಯಿಂಟಿಗೆ 16 ಆಂಪಿನ ಕೇಬಲ್ ಹಾಕಿದರೂ ಅಪಾಯವಿಲ್ಲ. ಇದು ಹೇಗೆಂದರೆ, ಟೈಪ್ 2 ಪ್ಲಗ್ಗಿನೊಳಗೆ ಒಂದು ಚಿಕ್ಕ ರೆಸಿಸ್ಟರ್ ಇರುತ್ತದೆ. ಅದು 220 ಓಮ್ ಇದ್ದರೆ ಕೇಬಲ್ 32 ಆಂಪಿನದು, 680 ಓಮ್ ಇದ್ದರೆ 20 ಆಂಪಿನದು, 1500 ಓಮ್ ಇದ್ದರೆ 13 ಆಂಪಿನದು. ನಾವು 16 ಆಂಪಿನದು ಎಂದು ಕೊಳ್ಳುವ ಕೇಬಲ್‌ಗಳಲ್ಲಿ ಇರುವುದು 680. ಪಾಯಿಂಟ್ ಇದನ್ನು ಓದಿ, ತನ್ನ ಮಿತಿಯನ್ನೂ ನೋಡಿಕೊಂಡು, ಇಷ್ಟಕ್ಕಿಂತ ಹೆಚ್ಚು ಎಳೆಯಬೇಡ ಎಂದು ಸೆಕೆಂಡಿಗೆ ಸಾವಿರ ಸಲ ಮಿಡಿಯುವ ಸಂಕೇತದ ಮೂಲಕ ಕಾರಿಗೆ ತಿಳಿಸುತ್ತದೆ. ಈ ಮಾತುಕತೆ ಮುಗಿಯುವ ತನಕ ಪ್ಲಗ್ಗಿನ ಪಿನ್ನುಗಳಿಗೆ ಕರೆಂಟೇ ಬರುವುದಿಲ್ಲ. ಮಳೆಯಲ್ಲಿ ಕಾರು ಚಾರ್ಜಿಗೆ ಹಚ್ಚಲು ಹೆದರುವ ಹಿರಿಯರಿಗೆ ನಾನು ಇದನ್ನೇ ವಿವರಿಸಿ ಹೇಳುವುದು.

ಹಾಗಾದರೆ ಯಾವುದು? ಕಾರು 3.7 ಕಿಲೋವ್ಯಾಟಿನದಾಗಿದ್ದು ಅದನ್ನು ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳುವವರಿಗೆ ನನ್ನ ಆಯ್ಕೆ 16 ಆಂಪಿನ ಸಿಂಗಲ್ ಫೇಸ್ ಕೇಬಲ್. ಅದರೊಳಗಿನ ತಾಮ್ರದ ತಂತಿ ಸಾಮಾನ್ಯವಾಗಿ 2.5 ಚದರ ಮಿಲಿಮೀಟರ್, 32 ಆಂಪಿನದರಲ್ಲಿ 6. ಕೈಯಲ್ಲಿ ಹಿಡಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. 5 ಮೀಟರಿನ ತೆಳು ಕೇಬಲ್ ಒಂದೂವರೆ ಕೆಜಿಯ ಆಸುಪಾಸು, ದಪ್ಪದ್ದು ಎರಡು ಎರಡೂವರೆ. ವರ್ಷಕ್ಕೆ ಏಳುನೂರು ಸಲ ಎತ್ತುವ ವಸ್ತು ಎಂಬುದನ್ನು ಮರೆಯಬೇಡಿ.

ಒಂದೆರಡು ವರ್ಷದಲ್ಲಿ ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಹೋಗುವ ಯೋಚನೆ ಇದ್ದರೆ, ಅಥವಾ ರಾವ್4ರಂತೆ ಹೆಚ್ಚು ಎಳೆಯುವ ಕಾರಾಗಿದ್ದರೆ ಮಾತ್ರ 32 ಆಂಪಿನ ಸಿಂಗಲ್ ಫೇಸ್ ಕೊಳ್ಳಿ. ಟೈಪ್ 1 ಕಾರಿನವರಿಗೆ ಈ ಮುಂದಾಲೋಚನೆಯೂ ಅನ್ವಯಿಸುವುದಿಲ್ಲ. ಇಲ್ಲಿ ಮುಂದೆ ಕೊಳ್ಳುವ ಕಾರು ಬಹುಪಾಲು ಟೈಪ್ 2 ಆಗಿರುತ್ತದೆ, ಆಗ ಈ ಕೇಬಲ್ ಹೇಗೂ ಉಪಯೋಗಕ್ಕೆ ಬಾರದು.

ಇದೇ ಕಾರಣಕ್ಕೆ ಇನ್ನೊಂದು ಸಲಹೆ. ಮನೆಗೆ ಚಾರ್ಜಿಂಗ್ ಪಾಯಿಂಟ್ ಹಾಕಿಸುವ ಟೈಪ್ 1 ಕಾರಿನವರು, ಕೇಬಲ್ ಅಂಟಿಕೊಂಡೇ ಬರುವ ಪೆಟ್ಟಿಗೆ ಬೇಡವೆನ್ನಿ, ಬರೀ ಸಾಕೆಟ್ ಇರುವುದನ್ನು ಹಾಕಿಸಿ. ಕಾರು ಬದಲಾದಾಗ ಕೇಬಲ್ ಮಾತ್ರ ಬದಲಿಸಿದರೆ ಸಾಕು, ಗೋಡೆಗೆ ಕೈ ಹಚ್ಚಬೇಕಾದ್ದಿಲ್ಲ. ಟೈಪ್ 2 ಕಾರಿನವರಿಗೆ ನಾನು ಹೇಳುವುದು ಇದಕ್ಕೆ ತಿರುಗುಮುರುಗು. ಮನೆಯಲ್ಲಿ ಅಂಟಿಕೊಂಡ ಕೇಬಲ್ಲೇ ಇರಲಿ. ದಿನಾ ಡಿಕ್ಕಿ ತೆರೆದು ಒದ್ದೆ ಕೇಬಲ್ ತೆಗೆದು ಹಾಕುವ ಕಷ್ಟ ತಪ್ಪುತ್ತದೆ.

ತ್ರೀ ಫೇಸ್ ಎಂದರೆ

ನಮ್ಮ ಹಳ್ಳಿಗಳ ಕಡೆಯಿಂದ ಬಂದವರಿಗೆ ತ್ರೀ ಫೇಸ್ ಹೊಸ ಪದವಲ್ಲ. ಕರೆಂಟ್ ತ್ರೀ ಫೇಸ್ ಬಂದಾಗ ಪಂಪ್‌ಸೆಟ್ ಹಾಕುವುದು, ಸಿಂಗಲ್ ಫೇಸ್ ಇದ್ದಾಗ ಮನೆಯ ದೀಪ ಮಾತ್ರ ಉರಿಯುವುದು. ಇಲ್ಲಿಯೂ ಅದೇ ತತ್ವ. ಮೂರು ಫೇಸಿನಲ್ಲಿ ತಲಾ 16 ಆಂಪ್ ಬಂದರೆ ಒಟ್ಟು 11 ಕಿಲೋವ್ಯಾಟ್, ತಲಾ 32 ಬಂದರೆ 22. ಆದರೆ ಒಂದೇ ಫೇಸಿನಿಂದ ಕುಡಿಯಬಲ್ಲ ಕಾರಿಗೆ ಉಳಿದೆರಡು ಫೇಸುಗಳಿಂದ ಏನೂ ಸಿಗುವುದಿಲ್ಲ. ಅಂಥ ಕಾರಿಗೆ ತ್ರೀ ಫೇಸ್ ಕೇಬಲ್ ಕೊಂಡರೆ ಕೆಲಸ ಮಾಡುತ್ತದೆ, ಸುಮ್ಮನೆ ಎರಡು ತಾಮ್ರದ ತಂತಿಗಳನ್ನು ಹೆಚ್ಚಿಗೆ ಹೊತ್ತು ತಿರುಗುತ್ತೀರಿ. 10 ಮೀಟರಿನ 32 ಆಂಪ್ ತ್ರೀ ಫೇಸ್ ಕೇಬಲ್ ಐದು ಕೆಜಿ ದಾಟುತ್ತದೆ.

ಇಂಗ್ಲೆಂಡಿನ ಮನೆಗಳಿಗೆ ಸಾಮಾನ್ಯವಾಗಿ ಸಿಂಗಲ್ ಫೇಸ್ ಬರುತ್ತದೆ. ಜರ್ಮನಿಯಲ್ಲಿ ಮನೆಗಳಿಗೂ ತ್ರೀ ಫೇಸ್. ಅಲ್ಲಿರುವವರು ಒಂದು ವಿಷಯ ಗಮನಿಸಬೇಕು. ಗೋಡೆಯ ಪೆಟ್ಟಿಗೆ 11 ಕಿಲೋವ್ಯಾಟ್ ಎಂದರೆ ಒಂದು ಫೇಸಿಗೆ 16 ಆಂಪ್ ಮಾತ್ರ. ಆ ಹಳೆಯ ರಾವ್4 ಇಂಗ್ಲೆಂಡಿನಲ್ಲಿ 7 ಕಿಲೋವ್ಯಾಟಿನ ಪೆಟ್ಟಿಗೆಯಿಂದ 6.6 ಎಳೆದರೆ, ಜರ್ಮನಿಯಲ್ಲಿ 11 ಕಿಲೋವ್ಯಾಟಿನ ಪೆಟ್ಟಿಗೆಯಿಂದ 3.7 ಮಾತ್ರ ಎಳೆಯುತ್ತದೆ. ಕೇಬಲ್ ಕೆಟ್ಟಿದೆ ಎಂದುಕೊಂಡು ಹೊಸದು ಕೊಂಡವರಿದ್ದಾರೆ, ಕೇಬಲ್ಲಿನ ದೋಷ ಅದರಲ್ಲಿ ಏನೂ ಇರಲಿಲ್ಲ. ಇನ್ನು ಹೊಸ ಗಾಲ್ಫಿನಂತೆ ಮೂರೂ ಫೇಸಿನಿಂದ 11 ಕಿಲೋವ್ಯಾಟ್ ಎಳೆಯುವ ಕಾರು ಕೊಂಡವರಿಗೆ ತ್ರೀ ಫೇಸ್ 16 ಆಂಪಿನ ಕೇಬಲ್ ಸರಿಯಾದ ಆಯ್ಕೆ.

ಅಂಗಡಿಗೆ ಹೋಗುವ ಮುನ್ನ ಹಗ್ಗ ಹಿಡಿದು ಅಳೆಯಿರಿ

ಉದ್ದದ ವಿಷಯದಲ್ಲಿ ಊಹೆ ಬೇಡ. ಬಟ್ಟೆ ಒಣಹಾಕುವ ಹಗ್ಗ ಒಂದನ್ನು ತೆಗೆದುಕೊಂಡು ದಿನಾ ನಿಲ್ಲಿಸುವಂತೆಯೇ ಕಾರು ನಿಲ್ಲಿಸಿ. ಸಾಕೆಟ್ಟಿನಿಂದ ನೆಲಕ್ಕೆ ಇಳಿಸಿ, ನೆಲದ ಮೇಲೆ ಕಾರನ್ನು ಬಳಸಿಕೊಂಡು ಹೋಗಿ, ಕಾರಿನ ಮುಚ್ಚಳದವರೆಗೆ ಏರಿಸಿ. ಹಗ್ಗ ಎಲ್ಲೂ ಬಿಗಿಯಾಗಿ ತೂಗಬಾರದು. ಅಳತೆಗೆ ಇನ್ನೊಂದು ಮೀಟರ್ ಸೇರಿಸಿ. ಅದೇ ನಿಮಗೆ ಬೇಕಾದ ಉದ್ದ.

ಕಾರಿನ ಮುಚ್ಚಳ ಎಲ್ಲಿದೆ ಎಂಬುದರ ಮೇಲೆ ಇದು ಬಹಳ ಬದಲಾಗುತ್ತದೆ. ಹಳೆಯ ಗಾಲ್ಫ್ ಜಿಟಿಇಯಲ್ಲಿ ಅದು ಮುಂಭಾಗದ ಲಾಂಛನದ ಹಿಂದೆ. 330ಇಯಲ್ಲಿ ಮುಂದಿನ ಎಡ ಚಕ್ರದ ಮೇಲೆ. ಔಟ್‌ಲ್ಯಾಂಡರಿನಲ್ಲಿ ಹಿಂದೆ, ಬಲಬದಿಗೆ. ಔಟ್‌ಲ್ಯಾಂಡರ್ ಸುಮಾರು 4.7 ಮೀಟರ್ ಉದ್ದದ ಕಾರು. ಕಂಬದ ಕಡೆಗೆ ಮೂತಿ ಮಾಡಿ ನಿಲ್ಲಿಸಿದರೆ 5 ಮೀಟರಿನ ಕೇಬಲ್ ಮುಟ್ಟುವುದೇ ಇಲ್ಲ, ರಿವರ್ಸ್ ಹಾಕಿ ನಿಲ್ಲಿಸಿದರೆ ಅರ್ಧ ಕೇಬಲ್ ಉಳಿಯುತ್ತದೆ. ನಾವು ಮೊದಲು ಧೈರ್ಯಕ್ಕಿರಲಿ ಎಂದು 10 ಮೀಟರಿನದನ್ನೇ ತಂದೆವು. ಬಳಸಿದ್ದು ಮೂರು ಮೀಟರ್, ಉಳಿದದ್ದು ದಾರಿಯ ಕೆಸರನ್ನೆಲ್ಲ ಬಳಿದುಕೊಂಡು ಡಿಕ್ಕಿಗೆ ಬರುತ್ತಿತ್ತು. ಚಳಿಗಾಲದಲ್ಲಿ ಅದನ್ನು ಸುತ್ತಿ ಎತ್ತಿಡುವುದೇ ಸಾಕುಸಾಕಾಗಿ ನನ್ನ ಹೆಂಡತಿ ಹೊರಗೆ ಚಾರ್ಜ್ ಮಾಡುವುದನ್ನೇ ನಿಲ್ಲಿಸಿದಳು. ಆಮೇಲೆ ಅದನ್ನು ಕೊಟ್ಟು 5 ಮೀಟರಿನ 16 ಆಂಪಿನದು ತಂದೆವು, ರಿವರ್ಸ್ ಹಾಕಿ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡೆವು. ಸೂಪರ್‌ಮಾರ್ಕೆಟ್ಟಿನಲ್ಲಿ ಒಂದು ಗಂಟೆ ತರಕಾರಿ ಕೊಳ್ಳುವಷ್ಟರಲ್ಲಿ ಮೂರೂವರೆ ಯೂನಿಟ್ ಸೇರುತ್ತದೆ, ಮನೆಗೆ ಹೋಗಿ ಬರುವಷ್ಟು ದಾರಿ ಅದು.

ಮೂತಿ ಮುಂದೆ ಮಾಡಿಯೇ ನಿಲ್ಲಿಸಬೇಕಾದ ಜಾಗವಾದರೆ 7 ಅಥವಾ 7.5 ಮೀಟರಿನದು ನೋಡಿ. 10 ಮೀಟರ್ ನಿಜಕ್ಕೂ ಬೇಕಾದವರು 16 ಆಂಪಿನ ಕಾರಿಗೂ 6 ಚದರ ಮಿಲಿಮೀಟರಿನ ತಂತಿಯದನ್ನೇ ಕೊಳ್ಳಬಹುದು. 2.5ರ ತಂತಿಯಲ್ಲಿ 10 ಮೀಟರಿಗೆ 16 ಆಂಪ್ ಹರಿದಾಗ ಸುಮಾರು 40 ವ್ಯಾಟ್ ಬಿಸಿಯಾಗಿ ಹೋಗುತ್ತದೆ, ಹಳೆಯ ಕಾಲದ ಒಂದು ಬಲ್ಬಿನಷ್ಟು. ಹರಡಿ ಹಾಕಿದರೆ ಇದು ಲೆಕ್ಕಕ್ಕೇ ಇಲ್ಲ. ಉಳಿದ ಕೇಬಲ್ಲನ್ನು ಬಿಗಿಯಾಗಿ ಸುತ್ತಿ ಒಂದು ಮೂಲೆಗೆ ತಳ್ಳಿದರೆ ಆ ಬಿಸಿಗೆ ಹೋಗಲು ಜಾಗವಿರುವುದಿಲ್ಲ. ಯಾವ ಕೇಬಲ್ಲೇ ಆಗಲಿ, ಚಾರ್ಜ್ ಆಗುವಾಗ ಸಡಿಲವಾಗಿ ಹರಡಿರಲಿ.

ಮನೆ ಮುಂದೆ ಸ್ವಂತ ಜಾಗವಿಲ್ಲದೆ ರಸ್ತೆಯಲ್ಲಿ ನಿಲ್ಲಿಸುವವರು ಫುಟ್‌ಪಾತಿನ ಮೇಲೆ ಕೇಬಲ್ ಹಾಯಿಸುವ ಮೊದಲು ತಮ್ಮ ಕೌನ್ಸಿಲ್ಲಿನ ನಿಯಮ ಕೇಳಿಕೊಳ್ಳಿ. ಕೆಲವು ಕಡೆ ಫುಟ್‌ಪಾತಿನಲ್ಲಿ ಕಾಲುವೆಯಂಥ ಸಣ್ಣ ಗೆರೆ ಕೊರೆಸಿಕೊಡುತ್ತಾರೆ. ಕಣ್ಣು ಕಾಣದವರು, ತಳ್ಳುಗಾಡಿಯಲ್ಲಿ ಮಗುವನ್ನು ಕರೆದೊಯ್ಯುವವರು ನಡೆಯುವ ಜಾಗ ಅದು.

ಕೇಬಲ್ ಕೈಗೆ ಬಂದ ಮೇಲೆ

ಹೊರಕವಚದ ಮೇಲೆ ಅಚ್ಚಾದ ಅಕ್ಷರಗಳನ್ನು ಓದಿ. ಕಾರಿನ ಚಾರ್ಜಿಂಗಿಗೆಂದೇ ಮಾಡಿದ ವೈರಿನ ಮೇಲೆ ಇಎನ್ 50620 ಎಂಬ ಮಾನಕ, ತಂತಿಗಳ ಸಂಖ್ಯೆ ಮತ್ತು ಗಾತ್ರ ಮುದ್ರಿತವಾಗಿರುತ್ತವೆ. ಸಿಂಗಲ್ ಫೇಸ್ ಆದರೆ ಮೂರು ದಪ್ಪ ತಂತಿ, ಜೊತೆಗೆ ಒಂದು ಸಣ್ಣ ಸಂಕೇತದ ತಂತಿ. ಪ್ಲಗ್ಗುಗಳ ಮೇಲೆ ಐಇಸಿ 62196 ಇರಬೇಕು. ಏನೂ ಮುದ್ರಣವಿಲ್ಲದ ಕಪ್ಪು ವೈರನ್ನು ವಾಪಸ್ ಕಳಿಸಿ.

ಹಳೆಯ ಕೇಬಲ್ಲನ್ನು ಯಾರಿಂದಾದರೂ ಕೊಳ್ಳುತ್ತಿದ್ದರೆ ಮಲ್ಟಿಮೀಟರ್ ಒಯ್ಯಿರಿ. ಎರಡೂ ತುದಿ ಬಿಚ್ಚಿರುವಾಗ, ಟೈಪ್ 2 ಪ್ಲಗ್ಗಿನ ಮೇಲ್ಸಾಲಿನ ಎರಡು ಸಣ್ಣ ಪಿನ್ನುಗಳಲ್ಲಿ ಒಂದೊಂದನ್ನೇ ಮಧ್ಯದ ಅರ್ಥ್ ಪಿನ್ನಿನೊಂದಿಗೆ ಅಳೆಯಿರಿ. ಒಂದು ಪಿನ್ ಏನನ್ನೂ ತೋರಿಸುವುದಿಲ್ಲ. ಇನ್ನೊಂದು 220 ಅಥವಾ 680ರ ಹತ್ತಿರದ ಅಂಕಿ ತೋರಿಸಬೇಕು. 32 ಆಂಪ್ ಎಂದು ಮಾರುತ್ತಿರುವ ಕೇಬಲ್ 680 ತೋರಿಸಿದರೆ ಅದು 32ರದ್ದಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ 220 ತೋರಿಸಿ ಒಳಗೆ ತೆಳು ತಂತಿ ಇರುವುದು. ಪಾಯಿಂಟಿಗೆ ಅದು ಸುಳ್ಳು ಹೇಳಿದಂತೆ. ಅದಕ್ಕೇ ಮೇಲಿನ ಮುದ್ರಣವನ್ನೂ ಓಮ್ ಅನ್ನೂ ಜೊತೆಯಲ್ಲಿಟ್ಟು ನೋಡಬೇಕು.

ಕವಚ ಪಾಲಿಯುರೆಥೇನಿನದಾದರೆ ಚಳಿಯಲ್ಲೂ ಬಗ್ಗುತ್ತದೆ. ಅಗ್ಗದ ಪಿವಿಸಿ ಸೊನ್ನೆ ಡಿಗ್ರಿಯ ಬೆಳಿಗ್ಗೆ ಬೆತ್ತದಂತೆ ಸೆಟೆದು ನಿಲ್ಲುತ್ತದೆ. ಎರಡೂ ತುದಿಗೆ ದಾರ ಕಟ್ಟಿದ ರಬ್ಬರ್ ಮುಚ್ಚಳ ಇರಲಿ. ಬಿಚ್ಚಿದ ಪ್ಲಗ್ ನೆಲಕ್ಕೆ ಬಿದ್ದಾಗ ಒಳಗೆ ಸೇರುವ ಮರಳು, ನೀರು ಪಿನ್ನುಗಳನ್ನು ತಿನ್ನುತ್ತವೆ. ಬಣ್ಣದ ಕವಚ ಕತ್ತಲಲ್ಲಿ ಕಾಲಿಗೆ ತೊಡರುವುದನ್ನು ತಪ್ಪಿಸುತ್ತದೆ.

ಬೀಗ

ಟೈಪ್ 2ರಲ್ಲಿ ಚಾರ್ಜ್ ಆಗುವಾಗ ಕಾರು ತನ್ನ ಕಡೆಯ ಪ್ಲಗ್ಗನ್ನೂ ಕಂಬ ತನ್ನ ಕಡೆಯದನ್ನೂ ಹಿಡಿದುಕೊಳ್ಳುತ್ತವೆ. ಟೈಪ್ 1ರ ಹಿಡಿಕೆಯಲ್ಲಿ ಇರುವುದು ಒಂದು ಕೊಕ್ಕೆ ಮತ್ತು ಅದನ್ನು ಎತ್ತುವ ಬಟನ್ ಅಷ್ಟೇ. ದಾರಿಹೋಕರು ಒತ್ತಿ ಕಿತ್ತರೆ ಚಾರ್ಜ್ ನಿಲ್ಲುತ್ತದೆ. ಕಂಬದ ಕಡೆಯ ಬೀಗ ಸಡಿಲಿದರೆ ಕೇಬಲ್ಲೂ ಹೋಗುತ್ತದೆ, ತಾಮ್ರಕ್ಕಾಗಿ ಕದಿಯುವವರು ಇಲ್ಲಿಯೂ ಇದ್ದಾರೆ. ಆ ಕೊಕ್ಕೆಯ ಬಳಿ ಒಂದು ರಂಧ್ರ ಇರುವ ಹಿಡಿಕೆಯನ್ನೇ ಆರಿಸಿ, ಸೂಟ್‌ಕೇಸಿಗೆ ಹಾಕುವಂಥ ಪುಟ್ಟ ಬೀಗ ಅದರಲ್ಲಿ ತೂರಿಸಿದರೆ ಬಟನ್ ಒತ್ತಲಾಗುವುದಿಲ್ಲ.

ಕೊಳ್ಳಬಾರದ್ದು, ಮತ್ತು ಬೇರೆ ದೇಶದವರಿಗೆ

ಟೈಪ್ 2 ಕೇಬಲ್ಲಿಗೆ ಇನ್ನೊಂದು ಟೈಪ್ 2 ಕೇಬಲ್ ಜೋಡಿಸಿ ಉದ್ದ ಮಾಡುವ ಎಕ್ಸ್‌ಟೆನ್ಷನ್‌ಗಳು ಮಾರಾಟಕ್ಕಿವೆ. ಚಾರ್ಜಿಂಗಿನ ಅಂತರರಾಷ್ಟ್ರೀಯ ಮಾನಕ ಇದನ್ನು ಒಪ್ಪುವುದಿಲ್ಲ, ನಡುವಿನ ಜೋಡಣೆ ನೆಲದ ನೀರಿನಲ್ಲಿ ಬಿದ್ದಿರುತ್ತದೆ, ಅದಕ್ಕೆ ಬೀಗವೂ ಇಲ್ಲ. ಉದ್ದ ಬೇಕಾದರೆ ಉದ್ದನೆಯ ಒಂದೇ ಕೇಬಲ್ ಕೊಳ್ಳಿ.

ಅಮೆರಿಕದಲ್ಲಿರುವ ಬಂಧುಗಳು ಈ ಲೇಖನ ಓದಿ ಗಾಬರಿಯಾಗಬೇಕಿಲ್ಲ. ಅಲ್ಲಿನ ಸಾರ್ವಜನಿಕ ಚಾರ್ಜರ್‌ಗಳಿಗೆ ಕೇಬಲ್ ಅಂಟಿಕೊಂಡೇ ಇರುತ್ತದೆ. 120 ವೋಲ್ಟಿನ ಮಾಮೂಲಿ ಸಾಕೆಟ್ಟಿನಲ್ಲಿ 12 ಆಂಪ್ ಎಳೆದರೆ ಗಂಟೆಗೆ ಸುಮಾರು 1.4 ಯೂನಿಟ್ ಸಿಗುತ್ತದೆ, 12 ಯೂನಿಟ್ಟಿನ ಬ್ಯಾಟರಿ ಒಂದು ರಾತ್ರಿಗೆ ಬಹುಮಟ್ಟಿಗೆ ತುಂಬುತ್ತದೆ.

ಊರಲ್ಲಿ ಅಣ್ಣ ಎಲೆಕ್ಟ್ರಿಕ್ ಕಾರು ಕೊಂಡಿದ್ದಾನೆ, ನಮ್ಮ ಹಳೆಯ ಕೇಬಲ್ ಒಯ್ಯಲೇ ಎಂದು ಕೇಳುವವರಿದ್ದಾರೆ. ಭಾರತದ ಕಾರುಗಳಲ್ಲೂ ಎಸಿಗೆ ಟೈಪ್ 2 ರೂಢಿಗೆ ಬಂದಿದೆ, ವೋಲ್ಟೇಜ್ ಕೂಡ 230. ಎರಡೂ ಕಡೆ ಟೈಪ್ 2 ಇರುವ ಕೇಬಲ್ಲನ್ನು ಧಾರಾಳವಾಗಿ ಒಯ್ಯಬಹುದು. ಗ್ರ್ಯಾನಿ ಕೇಬಲ್ ಬೇಡ. ನಮ್ಮ ಕಡೆಯ ದಪ್ಪ ಗುಂಡು ಪಿನ್ನಿನ 16 ಆಂಪಿನ ಸಾಕೆಟ್ಟಿಗೆ ಅದು ಹೊಂದುವುದಿಲ್ಲ, ಪ್ರಯಾಣದ ಅಡಾಪ್ಟರ್ ಸಿಕ್ಕಿಸಿ ಕಾರು ಚಾರ್ಜ್ ಮಾಡುವುದು ಬೆಂಕಿಗೆ ದಾರಿ. ಮೇಲಾಗಿ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಆ ಪೆಟ್ಟಿಗೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ.

ಮೊದಲ ರಾತ್ರಿ

ಹೊಸ ಕೇಬಲ್ ಹಚ್ಚಿದ ದಿನ ಕೂಡಲೇ ಮಲಗಬೇಡಿ. ಒಂದು ಗಂಟೆ ಬಿಟ್ಟು ಹೋಗಿ ಪ್ಲಗ್ಗಿನ ಹಿಂಬದಿಯನ್ನು, ಸಾಕೆಟ್ಟಿನ ಮುಖವನ್ನು, ಕಾರಿನ ಕಡೆಯ ಹಿಡಿಕೆಯನ್ನು ಅಂಗೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತೊಂದರೆಯಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ, ಮೊದಲು ಕಾರಿನ ಕಡೆಯಿಂದ ಚಾರ್ಜ್ ನಿಲ್ಲಿಸಿ, ಆಮೇಲೆ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗನ್ನು ಕೊನೆಗೆ ಕೀಳಿರಿ. ಆ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಮತ್ತೆ ಬಳಸಬೇಡಿ. ಮೊದಲ ವಾರ ಮೂರ್ನಾಲ್ಕು ಸಲ ಹೀಗೆ ಮುಟ್ಟಿ ನೋಡಿ, ಆಮೇಲೆ ತಿಂಗಳಿಗೊಮ್ಮೆ.